ತಿಗಣೆ ಇದೆ ಎಂದು ಯಾರಿಗೆ ಹೇಳಬೇಕು?

ಮನೆಗೆ ಇಲಿ ಹೊಕ್ಕರೆ ಆಫೀಸಿನ ಕ್ಯಾಂಟೀನಿನಲ್ಲಿ ಹೇಳಿಕೊಂಡು ನಗುತ್ತೇವೆ. ಜಿರಳೆಯ ಮಾತೆತ್ತಿದರೆ ಎದುರಿಗೆ ಕೂತವರು ತಮ್ಮ ಮನೆಯ ಜಿರಳೆಯ ಕತೆ ತೆಗೆಯುತ್ತಾರೆ. ಸೊಳ್ಳೆಯಂತೂ ನವಿ ಮುಂಬಯಿಯಲ್ಲಿ ಮಳೆ, ಟ್ರಾಫಿಕ್ಕುಗಳ ಹಾಗೆ ಎಲ್ಲರಿಗೂ ಸೇರಿದ ವಿಷಯ. ಆದರೆ ತಿಗಣೆ ಎಂದ ಕೂಡಲೇ ಹೇಳುವವರ ದನಿ ತಗ್ಗುತ್ತದೆ. ಕೇಳುವವರು ತಮಗೇ ಗೊತ್ತಿಲ್ಲದಂತೆ ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸುತ್ತಾರೆ. ಆ ಒಂದು ಗೇಣನ್ನು ನೆನೆದೇ ಬಹಳ ಜನ ಬಾಯಿ ಬಿಡುವುದಿಲ್ಲ.

ನನ್ನ ಮಟ್ಟಿಗೆ ಇದು ಕೀಟದ ತೊಂದರೆಯಾಗಿ ಶುರುವಾಗಿ ನೀತಿಯ ಪ್ರಶ್ನೆಯಾಗಿ ಉಳಿದುಕೊಂಡಿತು. ಮನೆಯಲ್ಲಿ ತಿಗಣೆ ಇದೆ ಎಂದು ಗೊತ್ತಾದವರು ಅದನ್ನು ಯಾರಿಗೆಲ್ಲ ಹೇಳಬೇಕು? ಹೇಳಿದರೆ ತಮಗೇ ನಷ್ಟವಾದರೂ ಹೇಳಬೇಕೇ? ಹೇಳಿದ್ದರಿಂದ ಇದಕ್ಕೆ ಸಂಬಂಧವೇ ಇಲ್ಲದ ಮೂರನೆಯವರಿಗೆ ಪೆಟ್ಟು ಬೀಳುವಂತಿದ್ದರೆ ಏನು ಮಾಡಬೇಕು? ಕೊನೆಯ ಪ್ರಶ್ನೆ ನನಗೆ ಮೊದಲು ಹೊಳೆದಿರಲಿಲ್ಲ. ಅದನ್ನು ನನ್ನ ಮುಂದೆ ಇಟ್ಟವಳು ನಮ್ಮ ಮನೆಯ ಪಾತ್ರೆ ತೊಳೆಯಲು ಬರುವ ಅಕ್ಕ.

ನಾನು ಕೆಲಸ ಮಾಡುವುದು ಮಹಾಪೆಯಲ್ಲಿ. ಈ ಕಡೆ ಬಂದಿಲ್ಲದವರಿಗೆ ಹೇಳುವುದಾದರೆ, ಒಂದು ಪಕ್ಕ ಪಾರ್ಸಿಕ್ ಗುಡ್ಡಗಳು, ಇನ್ನೊಂದು ಪಕ್ಕ ಠಾಣೆ ಖಾರಿ, ನಡುವೆ ಠಾಣೆ-ಬೇಲಾಪುರ ರಸ್ತೆಯ ಉದ್ದಕ್ಕೂ ಹಬ್ಬಿರುವ ಎಂಐಡಿಸಿ ಕೈಗಾರಿಕಾ ವಲಯದ ಒಂದು ಭಾಗ. ಕಾರ್ಖಾನೆಗಳ ಮಧ್ಯೆಯೇ ಮಿಲೇನಿಯಂ ಬಿಸಿನೆಸ್ ಪಾರ್ಕ್‌ನಂಥ ಐಟಿ ಕಟ್ಟಡಗಳೂ ಇವೆ. ಇಲ್ಲಿ ದುಡಿಯುವವರಲ್ಲಿ ಬಹಳ ಜನ ಇಲ್ಲಿ ಮಲಗುವುದಿಲ್ಲ. ಕೆಲವರು ಘನ್ಸೋಲಿ, ಕೋಪರ್‌ಖೈರಣೆ, ತುರ್ಭೆಗಳ ರೂಮುಗಳಿಗೆ ಮರಳುತ್ತಾರೆ, ಇನ್ನು ಕೆಲವರು ಶಿಳ್‌ಫಾಟಾ ದಾಟಿ ಡೊಂಬಿವಲಿ, ಕಲ್ಯಾಣಗಳಿಗೆ ಹೋಗುತ್ತಾರೆ. ಹನ್ನೊಂದು ತಿಂಗಳ ಕರಾರು, ಏಜೆಂಟನ ಕಮಿಷನ್, ಡಿಪಾಸಿಟ್, ಹಿಂದಿನವರು ಬಿಟ್ಟುಹೋದ ಗಾದಿ, ಮನೆಯೊಂದಿಗೇ ಬರುವ ಪ್ಲೈವುಡ್ ಮಂಚ. ಹಗಲು ಪಾಳಿಯವನು ರಾತ್ರಿ ಮಲಗಿ ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಹಗಲು ಮಲಗುವ ರೂಮುಗಳೂ ಇವೆ. ಊರಿಗೆ ಹೋಗಿಬರುವ ಸ್ಲೀಪರ್ ಬಸ್ಸು, ರೈಲು, ಮಂಚದ ಕೆಳಗೆ ತಳ್ಳಿದ ಬ್ಯಾಗು, ಎರಡು ಮನೆಗಳಿಗೆ ಒಂದೇ ಗೋಡೆ. ತಿಗಣೆಗೆ ರೆಕ್ಕೆ ಇಲ್ಲ, ಜಿಗಿಯಲೂ ಬಾರದು. ನಮ್ಮ ಓಡಾಟವೇ ಅದರ ವಾಹನ.

ನೀತಿಯ ಮಾತಿಗೆ ಮೊದಲು ಗುರುತಿಸುವ ಮಾತು. ಗೊತ್ತಿಲ್ಲದ್ದನ್ನು ಹೇಳುವ ಹೊಣೆ ಯಾರಿಗೂ ಇಲ್ಲ, ಆದರೆ ಅನುಮಾನ ಬಂದ ಮೇಲೆ ಗೊತ್ತು ಮಾಡಿಕೊಳ್ಳುವ ಹೊಣೆ ಇದ್ದೇ ಇದೆ. ಮೈಮೇಲಿನ ಗುಳ್ಳೆಯೊಂದೇ ಸಾಕ್ಷಿಯಲ್ಲ. ಒಂದೇ ಹಾಸಿಗೆಯಲ್ಲಿ ಮಲಗುವ ಇಬ್ಬರಲ್ಲಿ ಒಬ್ಬರ ತೋಳು ಕೆಂಪಾಗಿ ಊದಿದರೆ ಇನ್ನೊಬ್ಬರಿಗೆ ಏನೂ ಆಗದಿರಬಹುದು. ಕೆಲವರಿಗೆ ಗುರುತು ಮೂಡಲು ಹಲವು ದಿನ ಹಿಡಿಯುತ್ತದೆ. ನೋಡಬೇಕಾದ್ದು ಹಾಸಿಗೆಯನ್ನು. ಗಾದಿಯ ಅಂಚಿನ ಹೊಲಿಗೆ, ಮಂಚದ ಮೂಲೆ, ಸ್ಕ್ರೂ ಹಾಕಿದ ತೂತು, ತಲೆದೆಸೆಯ ಹಲಗೆಯ ಹಿಂಭಾಗ, ಸ್ವಿಚ್‌ಬೋರ್ಡಿನ ಸಂದು, ಪರದೆಯ ಮಡಿಕೆ, ಬ್ಯಾಗಿನ ಜಿಪ್ಪಿನ ಸಾಲು, ಇವೆಲ್ಲವನ್ನೂ ಮೊಬೈಲಿನ ಟಾರ್ಚ್ ಹಿಡಿದು ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಗೀರುತ್ತ ನೋಡಬೇಕು. ಪೆನ್ನಿನ ಮೊನೆ ಊರಿದಂತೆ ಕಪ್ಪು ಚುಕ್ಕೆಗಳಿದ್ದರೆ ಅವು ತಿಗಣೆಯ ಹಿಕ್ಕೆ, ಅಂದರೆ ಜೀರ್ಣವಾದ ನಮ್ಮದೇ ರಕ್ತ. ಒದ್ದೆ ಬಟ್ಟೆಯಿಂದ ಒರೆಸಿದರೆ ಕಂದು ಬಣ್ಣ ಹರಡುತ್ತದೆ. ಕಳಚಿದ ಪೊರೆಗಳು, ಗಸಗಸೆಯಂಥ ಬಿಳಿ ಮೊಟ್ಟೆಗಳು ಉಳಿದ ಗುರುತುಗಳು. ಬೆಳೆದ ತಿಗಣೆ ಹುರುಳಿ ಕಾಳಿನಷ್ಟಿರುತ್ತದೆ, ಬಣ್ಣವೂ ಹೆಚ್ಚುಕಡಿಮೆ ಅದೇ. ಹಸಿದಾಗ ಚಪ್ಪಟೆ, ಕುಡಿದ ಮೇಲೆ ಉಬ್ಬುತ್ತದೆ. ಹೊಟ್ಟೆ ಖಾಲಿ ಇರುವ ಮರಿ ಒಣಹುಲ್ಲಿನ ಬಣ್ಣದ್ದಾಗಿ ಕಣ್ಣಿಗೆ ಬೀಳುವುದೇ ಕಷ್ಟ.

ಅದು ನಮ್ಮನ್ನು ಹುಡುಕುವುದು ಉಸಿರಿನಿಂದ ಮತ್ತು ಮೈಯ ಬಿಸಿಯಿಂದ. ಐದರಿಂದ ಹತ್ತು ನಿಮಿಷ ರಕ್ತ ಹೀರಿ ಸಂದಿಗೆ ಮರಳುತ್ತದೆ. ಹೆಣ್ಣು ದಿನಕ್ಕೆ ಕೆಲವು ಮೊಟ್ಟೆಗಳಂತೆ ಇಡುತ್ತ ಹೋಗುತ್ತದೆ, ಒಂದೆರಡು ವಾರದಲ್ಲಿ ಅವು ಒಡೆಯುತ್ತವೆ. ಮರಿ ಐದು ಸಲ ಪೊರೆ ಕಳಚಿ ಬೆಳೆಯುತ್ತದೆ, ಪ್ರತಿ ಸಲಕ್ಕೂ ಒಂದು ಊಟ ಬೇಕು. ಊಟ ಸಿಗದಿದ್ದರೆ ತಿಂಗಳುಗಟ್ಟಲೆ ಕಾಯಬಲ್ಲದು. ಆದ್ದರಿಂದ ಬೀಗ ಹಾಕಿ ಊರಿಗೆ ಹೋದರೆ ಸತ್ತುಹೋಗುತ್ತವೆ ಎಂಬ ನಂಬಿಕೆ ಸುಳ್ಳು. ಇಷ್ಟೆಲ್ಲ ಇದ್ದರೂ ತಿಗಣೆಯಿಂದ ಮನುಷ್ಯರಿಗೆ ರೋಗ ಅಂಟುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಸೊಳ್ಳೆ ಡೆಂಗಿ ತರುತ್ತದೆ, ಮಲೇರಿಯ ತರುತ್ತದೆ. ತಿಗಣೆ ನಿದ್ದೆ ಕೆಡಿಸುತ್ತದೆ, ತುರಿಕೆ ತರುತ್ತದೆ, ಅಷ್ಟೇ. ಆದರೂ ನಾವು ನಾಚುವುದು ಸೊಳ್ಳೆಗಲ್ಲ, ತಿಗಣೆಗೆ.

ಈ ನಾಚಿಕೆ ಎಲ್ಲಿಂದ ಬಂತು? ಸೊಳ್ಳೆ ಹೊರಗಿನಿಂದ ಬರುತ್ತದೆ, ಅದಕ್ಕೆ ಚರಂಡಿಯನ್ನು, ನಗರಪಾಲಿಕೆಯನ್ನು ಬೈಯಬಹುದು. ತಿಗಣೆ ಇರುವುದು ಹಾಸಿಗೆಯಲ್ಲಿ. ಹಾಸಿಗೆ ನಮ್ಮ ಮನೆಯ ಅತ್ಯಂತ ಒಳಗಿನ ಜಾಗ. ಅಲ್ಲಿ ಏನಾದರೂ ಇದ್ದರೆ ಅದು ಮನೆಯವರ ನಡತೆಯ ಗುರುತು ಎಂದು ನೋಡುತ್ತೇವೆ. ಮಡಿ-ಮೈಲಿಗೆಯ ಹಳೆಯ ಲೆಕ್ಕ ಬೆಂಗಳೂರಿಗೂ ಮುಂಬಯಿಗೂ ನಮ್ಮೊಂದಿಗೇ ಬಂದಿದೆ, ಹೆಸರು ಮಾತ್ರ 'ಹೈಜೀನ್' ಎಂದಾಗಿದೆ. ಕೊಳಕಿದ್ದಲ್ಲಿ ತಿಗಣೆ ಇರುತ್ತದೆ ಎಂಬ ಮಾತಿನ ಒಳಗೆ, ತಿಗಣೆ ಇದ್ದವರು ಕೊಳಕರು ಎಂಬ ಮಾತು ಕೂತಿದೆ.

ತಿಗಣೆಗೆ ಈ ಲೆಕ್ಕ ಗೊತ್ತಿಲ್ಲ. ಕಸದಿಂದ ಅದಕ್ಕೆ ಊಟ ಸಿಗುವುದಿಲ್ಲ, ಮನುಷ್ಯನ ರಕ್ತ ಸಾಕು. ಸಾಮಾನು ತುಂಬಿದ ಮನೆಯಲ್ಲಿ ಅಡಗಲು ಜಾಗ ಹೆಚ್ಚು ಎಂಬುದು ನಿಜ, ಹಣವಿಲ್ಲದವರಿಗೆ ಅದನ್ನು ಓಡಿಸುವುದು ಕಷ್ಟ ಎಂಬುದೂ ನಿಜ. ಆದರೆ ಬರುವಾಗ ಅದು ಯಾರ ಸಂಬಳವನ್ನೂ ಕೇಳಿ ಬರುವುದಿಲ್ಲ. ಫ್ರಾನ್ಸಿನ ಆರೋಗ್ಯ ಸುರಕ್ಷತಾ ಸಂಸ್ಥೆ ಆನ್ಸೆಸ್ 2023ರಲ್ಲಿ ಕೊಟ್ಟ ಲೆಕ್ಕದಂತೆ 2017ರಿಂದ 2022ರ ನಡುವೆ ಆ ದೇಶದ ನೂರರಲ್ಲಿ 11 ಮನೆಗಳಿಗೆ ತಿಗಣೆ ಬಂದಿತ್ತು. ಅದೇ ವರ್ಷ ಒಲಿಂಪಿಕ್ಸ್‌ಗೆ ಸಜ್ಜಾಗುತ್ತಿದ್ದ ಪ್ಯಾರಿಸ್ಸಿನಲ್ಲಿ ದೊಡ್ಡ ಗದ್ದಲವೆದ್ದಿತು. ಆಗ ಅಲ್ಲಿಯ ಟಿವಿ ನಿರೂಪಕನೊಬ್ಬ ಇದಕ್ಕೂ ವಲಸೆ ಬಂದವರಿಗೂ ಸಂಬಂಧವಿದೆಯೇ ಎಂದು ಕೇಳಿದ. ಪ್ರಶ್ನೆಯ ದಾರಿ ನೋಡಿ. ಹುಳ ಕಂಡ ಕೂಡಲೇ ಹುಡುಕುವುದು ಅದರ ಗೂಡನ್ನಲ್ಲ, ಹೊರಗಿನಿಂದ ಬಂದ ಮನುಷ್ಯನನ್ನು. ಊರು ಬಿಟ್ಟು ಬಂದ ನಮಗೆ ಈ ಪ್ರಶ್ನೆಯ ಪರಿಚಯ ಇರಲೇಬೇಕು. 'ಬ್ಯಾಚಲರ್ಸ್‌ಗೆ ಕೊಡುವುದಿಲ್ಲ' ಎನ್ನುವಾಗ ಸೊಸೈಟಿಯವರ ಮನಸ್ಸಿನಲ್ಲಿರುವುದೂ ಇಂಥದೇ ಒಂದು ಲೆಕ್ಕ.

ನಮ್ಮ ಫ್ಲಾಟಿನಲ್ಲಿ ನಾವು ಮೂವರು. ಒಬ್ಬ ಕುಂದಾಪುರದವನು, ಒಬ್ಬ ಕಲಬುರಗಿಯವನು, ನಾನು ರಾಣೆಬೆನ್ನೂರಿನ ಕಡೆಯವನು. ಶ್ರಾವಣಕ್ಕೆ ಮೂರು ವಾರ ಇರುವಾಗ ಮನೆಯೊಂದಿಗೇ ಬಂದ ಮಂಚದ ಕೀಲುಗಳಲ್ಲಿ ನಾನು ಮೇಲೆ ಹೇಳಿದ ಗುರುತುಗಳೆಲ್ಲ ಕಂಡವು. ಅವತ್ತು ರಾತ್ರಿ ಮೂವರೂ ಕೂತು ಮಾತಾಡಿದೆವು.

ಸುಮ್ಮನಿರೋಣ ಎಂದವನು ಕುಂದಾಪುರದವನು. ಅವನ ಮಾವ ಡೊಂಬಿವಲಿಯಲ್ಲಿ ಹೋಟೆಲ್ ನಡೆಸಿದವರು, ಒಂದು ಗಾಳಿಮಾತು ಎಷ್ಟು ಬೇಗ ಗಿರಾಕಿಗಳನ್ನು ಓಡಿಸುತ್ತದೆ ಎಂದು ಅವನು ನೋಡಿ ಬಲ್ಲ. ಅವನ ವಾದ ಹಗುರವಾದದ್ದಲ್ಲ. ಪೆಸ್ಟ್ ಕಂಟ್ರೋಲ್ ಮಾಡಿಸೋಣ, ದುಡ್ಡು ನಾವೇ ಕೊಡೋಣ, ಕೆಲಸ ಮುಗಿಯುತ್ತದೆ. ಹೇಳಿದರೆ ಓನರ್ ನೀವೇ ತಂದದ್ದು ಎನ್ನುತ್ತಾನೆ, ಡಿಪಾಸಿಟ್ ಹಿಡಿಯುತ್ತಾನೆ, ಕರಾರು ಮುಂದುವರಿಸುವುದಿಲ್ಲ. ಹೇಳಿದ್ದರ ಲಾಭ ಇಡೀ ಕಟ್ಟಡಕ್ಕೆ, ನಷ್ಟ ಮಾತ್ರ ನಮಗೆ. ಹಾಗಿದ್ದಮೇಲೆ ಹೇಳುವುದು ಧರ್ಮವೋ, ನಾವು ಒಳ್ಳೆಯವರು ಎಂದು ನಮಗೇ ತೋರಿಸಿಕೊಳ್ಳುವ ಚಪಲವೋ?

ಕಲಬುರಗಿಯವನ ಉತ್ತರ ಗೋಡೆಯ ಬಗ್ಗೆ. ಗೋಡೆ ನಮ್ಮೊಬ್ಬರದಲ್ಲ. ವೈರಿನ ಪೈಪು, ಬಾಗಿಲ ಸಂದು, ಬಿರುಕುಗಳ ಮೂಲಕ ತಿಗಣೆ ಪಕ್ಕದ ಮನೆಗೆ ದಾಟುತ್ತದೆ, ಅಲ್ಲಿಂದ ಮರಳುತ್ತದೆ. ನೋಡಲು ಬಂದ ಪೆಸ್ಟ್ ಕಂಟ್ರೋಲ್‌ನವನೂ ಅದನ್ನೇ ಹೇಳಿದ: ಅಕ್ಕಪಕ್ಕದ ಮನೆಗಳನ್ನೂ ನೋಡಬೇಕು, ಒಂದು ಸಲದ ಸಿಂಪಡಣೆಗೆ ಮೊಟ್ಟೆಗಳೆಲ್ಲ ಸಾಯುವುದಿಲ್ಲವಾದ್ದರಿಂದ ಸುಮಾರು ಎರಡು ವಾರ ಬಿಟ್ಟು ಮತ್ತೆ ಬರಬೇಕು. ಸುಮ್ಮನಿರುವುದು ಏನೂ ಮಾಡದೆ ಇರುವುದಲ್ಲ ಎಂದು ನನಗೆ ಅನ್ನಿಸಿದ್ದು ಆಗ. ನಾವು ಮಾತಾಡದೆ ಕಳೆಯುವ ಪ್ರತಿ ವಾರವೂ ಇನ್ನೊಬ್ಬರ ಹಾಸಿಗೆಯ ಕಡೆಗೆ ಒಂದು ಹೆಜ್ಜೆ.

ಗುಟ್ಟಾಗಿ ಮಾಡುವ ಔಷಧಿಯ ಅಪಾಯ ಬೇರೆಯೇ ಇದೆ. ಗುಟ್ಟು ಬಯಸುವವರು ಅವಸರದ, ಖಾರವಾದ ಔಷಧಿಯನ್ನು ಹುಡುಕುತ್ತಾರೆ. ದವಸದ ಗೋದಾಮಿಗೆಂದು ಇರುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯಲ್ಲಿ ಇಡುವವರಿದ್ದಾರೆ. ಗಾಳಿಯ ತೇವ ತಾಗಿದರೆ ಅದು ಫಾಸ್ಫೀನ್ ಅನಿಲವಾಗುತ್ತದೆ. ಆ ಅನಿಲ ತಿಗಣೆಯ ದಾರಿಯಲ್ಲೇ, ಅದೇ ಸಂದುಗಳಿಂದ, ಪಕ್ಕದ ಮನೆಯಲ್ಲಿ ಮಲಗಿದವರ ಉಸಿರಿಗೆ ಸೇರುತ್ತದೆ. 2022ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಸಂತನಗರದಲ್ಲಿ ಕೀಟನಾಶಕ ಸಿಂಪಡಿಸಿದ್ದ ಬಾಡಿಗೆ ಮನೆಗೆ ಊರಿಂದ ಮರಳಿದ ಕುಟುಂಬವೊಂದರ ಎಂಟು ವರ್ಷದ ಹುಡುಗಿ ತೀರಿಕೊಂಡಳು. ತಿಗಣೆ ಯಾರನ್ನೂ ಕೊಲ್ಲದು. ಅದನ್ನು ಓಡಿಸುವ ಅವಸರ ಕೊಲ್ಲಬಲ್ಲದು.

ಖಾರವಾದ ಔಷಧಿಯಿಂದ ಕೆಲಸವೂ ಆಗುವುದಿಲ್ಲ. ಡಿಡಿಟಿಗೆ ಕೀಟ ಕೊಲ್ಲುವ ಶಕ್ತಿ ಇದೆ ಎಂದು ಪಾಲ್ ಮ್ಯುಲರ್ ಕಂಡುಕೊಂಡದ್ದು 1939ರಲ್ಲಿ. 1948ರಲ್ಲಿ ಅವನಿಗೆ ನೊಬೆಲ್ ಬಂತು. ಆದರೆ ಅದಕ್ಕೆ ಒಂದು ವರ್ಷ ಮೊದಲೇ ಹವಾಯಿಯ ಪರ್ಲ್ ಹಾರ್ಬರಿನ ಸೈನಿಕರ ವಸತಿಯಲ್ಲಿ ಡಿಡಿಟಿಗೆ ಜಗ್ಗದ ತಿಗಣೆಗಳು ಸಿಕ್ಕಿದ್ದವು. ಆಮೇಲೆ ಬಂದ ಪೈರೆಥ್ರಾಯ್ಡ್ ಔಷಧಿಗಳಿಗೂ ಅವು ಹೊಂದಿಕೊಂಡಿವೆ. ಹೊಂದಿಕೊಳ್ಳದೆ ಇರುವುದು ಬಿಸಿಗೆ. ನಮ್ಮ ಅಜ್ಜಿಯರು ಹೊರಸಿನ ಕೀಲುಗಳಿಗೆ ಕುದಿಯುವ ನೀರು ಹೊಯ್ದು ಬಿಸಿಲಿಗೆ ಹಾಕುತ್ತಿದ್ದುದರಲ್ಲಿ ತಿಳಿವಳಿಕೆ ಇತ್ತು. 60 ಡಿಗ್ರಿ ಬಿಸಿಯಲ್ಲಿ ಒಗೆತ, ಸಂದುಗಳಿಗೆ ಹಬೆ, ವ್ಯಾಕ್ಯೂಮ್, ಗಾದಿಗೆ ಜಿಪ್ಪಿನ ಕವರು, ತಿಳಿದವರಿಂದ ಎರಡು ಸಲ ಸಿಂಪಡಣೆ, ಗೋಡೆಯ ಬಿರುಕಿಗೆ ಸಿಮೆಂಟು. ಇವೆಲ್ಲ ನಿಧಾನದ ಕೆಲಸ, ಬಾಲ್ಕನಿಯಲ್ಲಿ ಎಲ್ಲರಿಗೂ ಕಾಣುವ ಕೆಲಸ. ಗುಟ್ಟಾಗಿ ಮಾಡಲು ಆಗದು.

ಹೀಗೆ ಯೋಚಿಸಿ, ಹೇಳಬೇಕು ಎಂದು ಮೂವರೂ ಒಪ್ಪಿದೆವು. ಎಲ್ಲರಿಗೂ ಅಲ್ಲ. ಆಫೀಸಿನವರಿಗೆ ಹೇಳಬೇಕಾಗಿಲ್ಲ, ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾಕಬೇಕಾಗಿಲ್ಲ. ನಮ್ಮ ಮೂಲಕ ಅದು ಯಾರನ್ನು ತಲುಪಬಹುದೋ ಅವರಿಗೆ ಮಾತ್ರ: ಓನರಿಗೆ, ಗೋಡೆಯ ಆಚೆಯ ಎರಡು ಮನೆಗಳಿಗೆ, ಮೇಲಿನ ಮತ್ತು ಕೆಳಗಿನ ಮನೆಗಳಿಗೆ, ಊರಿನಲ್ಲಿ ನಾವು ಹೋಗಿ ಮಲಗುವ ಮನೆಯವರಿಗೆ, ಮತ್ತು ಕೆಲಸಕ್ಕೆ ಬರುವ ಅಕ್ಕನಿಗೆ. ಅಕ್ಕ ಈ ಪಟ್ಟಿಯ ಕೊನೆಯಲ್ಲಿದ್ದಳು. ಬೆಳಿಗ್ಗೆ ಮೊದಲು ಬಂದವಳು ಅವಳಾದ್ದರಿಂದ ಅವಳಿಗೇ ಮೊದಲು ಹೇಳಿದೆವು.

ಅವಳು ಇಂಡಿ ತಾಲೂಕಿನ ಕಡೆಯವಳು. ಗಂಡನೊಂದಿಗೆ ಬಿಲ್ಡಿಂಗ್ ಕೆಲಸಕ್ಕೆಂದು ಬಂದು ಈಗ ನಮ್ಮ ಕಟ್ಟಡದಲ್ಲೇ ಐದು ಮನೆ ಮಾಡುತ್ತಾಳೆ. ಮಾತು ಕೇಳಿ ಅವಳು ಕುರ್ಚಿ ಸರಿಸಲಿಲ್ಲ, ಮುಖ ಸಿಂಡರಿಸಲಿಲ್ಲ. ಕೈ ಒರೆಸಿಕೊಂಡು ನಿಂತು, "ಅಣ್ಣಾರ, ಇದನ್ನ ಬಾಜೂ ಮನ್ಯಾಗ ಹೇಳಬ್ಯಾಡ್ರಿ" ಅಂದಳು. ಯಾಕೆ ಅಂದರೆ, "ನೀವು ಹೇಳ್ತೀರಿ, ಹೋಗೂದು ನನ್ನ ಕೆಲಸರೀ."

ನಾವು ಮೂವರು ಓದಿದವರು ಒಂದು ರಾತ್ರಿಯೆಲ್ಲ ವಾದಿಸಿ ನಮ್ಮ ನಷ್ಟ ಮತ್ತು ಪಕ್ಕದವರ ಲಾಭವನ್ನು ತೂಗಿದ್ದೆವು. ತಕ್ಕಡಿಯಲ್ಲಿ ಇವಳು ಇರಲಿಲ್ಲ. ಅವಳಿಗೆ ಒಂದೇ ನಿಮಿಷ ಸಾಕಾಯಿತು. ಐದು ಮನೆಗಳಿಗೆ ಹೋಗಿಬರುವವರು ಯಾರು? ಅವಳು. ಆದ್ದರಿಂದ ತಂದವರು ಯಾರು? ಅವಳೇ. ಕಟ್ಟಡ ಹೀಗೆಯೇ ಯೋಚಿಸುತ್ತದೆ ಎಂದು ಅವಳಿಗೆ ಅನುಭವದಿಂದ ಗೊತ್ತಿತ್ತು. ಅವಳು ನಮ್ಮ ಮಲಗುವ ಕೋಣೆಗೆ ಕಾಲಿಡುವುದೇ ಇಲ್ಲ, ಅಡುಗೆಮನೆಯಿಂದಲೇ ಮರಳುತ್ತಾಳೆ ಎಂಬುದನ್ನು ಯಾರೂ ಕೇಳುವುದಿಲ್ಲ.

ಪಂಚತಂತ್ರದಲ್ಲಿ ಇದೇ ಹುಳದ ಕತೆ ಇದೆ. ರಾಜನ ಹಾಸಿಗೆಯಲ್ಲಿ ಮಂದವಿಸರ್ಪಿಣಿ ಎಂಬ ಹೇನು ಬಹಳ ಕಾಲದಿಂದ ಸದ್ದಿಲ್ಲದೆ ಬದುಕಿಕೊಂಡಿರುತ್ತದೆ. ಅಲ್ಲಿಗೆ ಅಗ್ನಿಮುಖ ಎಂಬ ತಿಗಣೆ ಅತಿಥಿಯಾಗಿ ಬರುತ್ತದೆ, ರಾಜ ನಿದ್ದೆ ಹೋಗುವ ಮೊದಲೇ ಅವಸರಪಟ್ಟು ಕಚ್ಚುತ್ತದೆ. ಸೇವಕರು ದೀಪ ತಂದು ಹುಡುಕುವಾಗ ತಿಗಣೆ ಮಂಚದ ಸಂದಿಗೆ ಸರಿದುಬಿಡುತ್ತದೆ, ಹೇನು ಸಿಕ್ಕಿಬಿದ್ದು ಸಾಯುತ್ತದೆ. ಗುಣ ಗೊತ್ತಿಲ್ಲದವರಿಗೆ ಆಶ್ರಯ ಕೊಡಬಾರದು ಎಂಬುದು ಕತೆ ಹೇಳುವ ನೀತಿ. ನನಗೆ ಕಾಣುವುದು ಬೇರೊಂದು. ದೀಪ ಹಿಡಿದವರಿಗೆ ಕಚ್ಚಿದವರು ಬೇಕಿರಲಿಲ್ಲ, ಯಾರಾದರೂ ಸಿಕ್ಕರೆ ಸಾಕಿತ್ತು. ಓಡಲಾರದವರು ಸಿಕ್ಕರು.

ಹಾಗಾದರೆ ಅಕ್ಕನಿಗಾಗಿ ಸುಮ್ಮನಿರಬೇಕಿತ್ತೇ? ಕುಂದಾಪುರದವನು ಅದನ್ನೇ ಮತ್ತೆ ಎತ್ತಿದ, ಈ ಸಲ ಅವನ ಮಾತಿಗೆ ತೂಕ ಹೆಚ್ಚಿತ್ತು. ಆದರೆ ಸುಮ್ಮನಿದ್ದು, ಎರಡು ತಿಂಗಳ ಮೇಲೆ ಪಕ್ಕದ ಮನೆಯಲ್ಲಿ ತಿಗಣೆ ಕಂಡರೆ ಆಗಲೂ ಬೆರಳು ಹೋಗುವುದು ಅವಳ ಕಡೆಗೇ. ಆಗ ಅವಳ ಪರವಾಗಿ ಹೇಳಲು ಯಾರ ಹತ್ತಿರವೂ ಸಾಕ್ಷಿ ಇರುವುದಿಲ್ಲ. ಮೌನ ಅವಳನ್ನು ಕಾಯುವುದಿಲ್ಲ, ಅವಳ ಸರದಿಯನ್ನು ಮುಂದೂಡುತ್ತದೆ ಅಷ್ಟೇ. ಇದನ್ನು ಅವಳ ಮುಂದೆಯೇ ಕೂತು ಮಾತಾಡಿದೆವು. ಹೇಗೆ ಹೇಳಬೇಕು ಎಂಬುದು ಅವಳ ಒಪ್ಪಿಗೆಯಿಂದಲೇ ತೀರ್ಮಾನವಾಯಿತು.

ಅಂದು ನನಗೆ ಸ್ಪಷ್ಟವಾದ ಒಂದು ಮಾತು ಇದು: ನಿಜ ಹೇಳುವವರು ಹೊಣೆಯ ಜಾಗವನ್ನು ಖಾಲಿ ಬಿಟ್ಟು ಹೇಳಬಾರದು. 'ಕಟ್ಟಡದಲ್ಲಿ ತಿಗಣೆ ಆಗಿದೆಯಂತೆ, ನೋಡಿಕೊಳ್ಳಿ' ಎಂದರೆ ಅದೂ ನಿಜವೇ. ಆದರೆ ಯಾರಿಂದ ಎಂಬ ಜಾಗ ಖಾಲಿ ಉಳಿಯುತ್ತದೆ. ಖಾಲಿ ಉಳಿದ ಜಾಗಕ್ಕೆ ಕೇಳಿದವರು ತಮಗೆ ಅನುಕೂಲವಾದವರನ್ನು ಕೂರಿಸುತ್ತಾರೆ, ಅನುಕೂಲವಾದವರು ಎಂದರೆ ಎದುರು ಮಾತಾಡಲಾರದವರು. ಆದ್ದರಿಂದ ನಾವು ಮಂಚದ ಕೀಲಿನ ಫೋಟೋ ತೆಗೆದು, 'ನಮ್ಮ ಫ್ಲಾಟಿನ ಮಂಚದಲ್ಲಿ ಇದೆ, ಮಲಗುವ ಕೋಣೆ ಬಿಟ್ಟು ಬೇರೆಲ್ಲೂ ಕಂಡಿಲ್ಲ, ಇಂಥ ದಿನ ಔಷಧಿ ಹೊಡೆಸುತ್ತಿದ್ದೇವೆ, ನಿಮ್ಮಲ್ಲೂ ಒಮ್ಮೆ ನೋಡಿಕೊಳ್ಳಿ' ಎಂದು ನಮ್ಮ ಹೆಸರು ಹಾಕಿ ಹೇಳಿದೆವು.

ಓನರ್ ನೀವೇ ತಂದದ್ದು ಎಂದ. ಖರ್ಚನ್ನು ನಾವೇ ಹಂಚಿಕೊಂಡೆವು. ಎಡಗಡೆಯ ಮನೆಯ ಕಾಕೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು, ಏನೂ ಹೇಳಲಿಲ್ಲ. ಮರುದಿನ ಪೆಸ್ಟ್ ಕಂಟ್ರೋಲ್‌ನವನ ನಂಬರ್ ಕೇಳಲು ಬಂದರು. ಅವರ ಮನೆಯ ಸೋಫಾ ಅದಕ್ಕೂ ಮೊದಲೇ ಬಾಲ್ಕನಿಗೆ ಹೋಗಿತ್ತು ಎಂಬುದನ್ನು ನಾವು ಗಮನಿಸಿದ್ದೆವು, ಮಾತಾಡಲಿಲ್ಲ. ಕೆಳಗಿನ ಮನೆಯವರು ನೋಡಿಕೊಳ್ಳುತ್ತೇವೆ ಎಂದರು. ಮೇಲಿನ ಮನೆಯವರು ಫೋಟೋ ನೋಡಿದ ಮೇಲೂ "ಬಾಯಿಯೇ ತಂದಿರಬೇಕು" ಎಂದು ಅಕ್ಕನನ್ನು ಬಿಡಿಸಿದರು. ನಾವು ಎರಡು ಸಲ ಹೋಗಿ ಹೇಳಿದರೂ ಕೇಳಲಿಲ್ಲ.

ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯನ್ನು ಆದ್ದರಿಂದ ನಾನು ಯಾರಿಗೂ ಕೊಡಲಾರೆ. ನಿಜಕ್ಕೆ ಒಂದು ಬೆಲೆ ಇದೆ. ಕೇಳಬೇಕಾದ್ದು ಅದನ್ನು ಯಾರು ಕಟ್ಟುತ್ತಾರೆ ಎಂದು. ಆ ಮನೆಯಿಂದ ಅವಳಿಗೆ ಬರುತ್ತಿದ್ದ ತಿಂಗಳ ಸಂಬಳವನ್ನು ಬೇರೆ ಮನೆ ಸಿಗುವ ತನಕ ನಾವು ಮೂವರು ಸೇರಿ ಕೊಟ್ಟೆವು, ಎರಡು ತಿಂಗಳು. ಮೊದಲು ಅವಳು ಬೇಡವೆಂದಳು. ಇದು ದಾನವಲ್ಲ, ನಮ್ಮ ಮಾತಿನ ಖರ್ಚು ಎಂದು ಕಲಬುರಗಿಯವನು ಅವಳಿಗೆ ತಿಳಿಯುವ ಹಾಗೆ ಹೇಳಿದ ಮೇಲೆ ತೆಗೆದುಕೊಂಡಳು.

ಒಳ್ಳೆಯ ಕೆಲಸದ ಖರ್ಚು ಬಡವರ ಮೈಮೇಲೆ ಬೀಳುವುದಕ್ಕೆ ತಿಗಣೆಯದೇ ಒಂದು ಹಳೆಯ ಉದಾಹರಣೆ ಇದೆ. ಜೈನರ ಎಣಿಕೆಯಲ್ಲಿ ತಿಗಣೆ ಮೂರು ಇಂದ್ರಿಯಗಳ ಜೀವಿ, ಅದನ್ನು ಕೊಲ್ಲುವುದೂ ಹಿಂಸೆಯೇ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಸೂರತ್ತಿಗೆ ಬಂದಿದ್ದ ಇಂಗ್ಲಿಷ್ ಪಾದ್ರಿ ಜಾನ್ ಓವಿಂಗ್ಟನ್, ಅಲ್ಲಿಯ ವರ್ತಕರು ದನ, ಕುದುರೆಗಳಿಗೆ ಆಸ್ಪತ್ರೆ ನಡೆಸುತ್ತಿದ್ದುದನ್ನು ಬರೆದಿದ್ದಾನೆ. ಅದರ ಹತ್ತಿರವೇ ತಿಗಣೆ, ಚಿಗಟಗಳನ್ನು ಸಾಕುವ ಮನೆಯೊಂದಿತ್ತು, ಅವುಗಳಿಗೆ ಆಹಾರವಾಗಲೆಂದು ಬಡವನೊಬ್ಬನಿಗೆ ಕೂಲಿ ಕೊಟ್ಟು ರಾತ್ರಿಯಿಡೀ ಆ ಮಂಚದ ಮೇಲೆ ಮಲಗಿಸುತ್ತಿದ್ದರು ಎಂದೂ ಬರೆದಿದ್ದಾನೆ. ವಿದೇಶಿಯ ಬರಹದಲ್ಲಿ ಬೆರಗು ಒಂದಿಷ್ಟು ಉಪ್ಪುಖಾರ ಸೇರಿಸಿರಬಹುದು. ಆದರೂ ಆ ಚಿತ್ರ ನನ್ನನ್ನು ಬಿಡುವುದಿಲ್ಲ. ಧರ್ಮ ವರ್ತಕನದು, ರಕ್ತ ಕೂಲಿಯವನದು. ನಾವು ತಿಗಣೆಯನ್ನು ಕೊಲ್ಲುತ್ತೇವೆ, ಅದರ ಬಗ್ಗೆ ನನಗೆ ಹಿಂಜರಿಕೆ ಇಲ್ಲ. ಆದರೆ ತಿಗಣೆ ತುಂಬಿದ ಗಾದಿಯನ್ನು ಹಾಗೆಯೇ ಭಂಗಾರ್‌ವಾಲಾನಿಗೆ ಕೊಟ್ಟು ಕೈ ತೊಳೆದುಕೊಂಡರೆ, ಅಥವಾ 'ತೊಗೊಂಡು ಹೋಗು' ಎಂದು ವಾಚ್‌ಮನ್‌ಗೆ ಉಪಕಾರ ಮಾಡಿದರೆ, ನಾವೂ ಸೂರತ್ತಿನ ಆ ಲೆಕ್ಕವನ್ನೇ ಮಾಡಿದ ಹಾಗೆ. ನಮ್ಮ ಗಾದಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟೇಪು ಹಚ್ಚಿ, ಯಾರೂ ಮತ್ತೆ ಹಾಸಿಕೊಳ್ಳದಂತೆ ಹರಿದು, ಮೇಲೆ 'ಖಟ್‌ಮಲ್' ಎಂದು ಹಿಂದಿಯಲ್ಲೂ 'ಢೇಕೂಣ್' ಎಂದು ಮರಾಠಿಯಲ್ಲೂ ಬರೆದು ಇಟ್ಟೆವು.

ಹೇಳುವವರ ಹೊಣೆಯ ಬಗ್ಗೆ ಇಷ್ಟು. ಕೇಳುವವರ ಹೊಣೆಯ ಬಗ್ಗೆ ನಾವು ಮಾತಾಡುವುದು ಕಡಿಮೆ. ನನಗೆ ಅದನ್ನು ತೋರಿಸಿದವಳು ಅವ್ವ. ಪಂಚಮಿಗೆ ತಂಗಿ ಐದು ತಿಂಗಳ ಕೂಸನ್ನು ಕರೆದುಕೊಂಡು ತವರಿಗೆ ಬರುವವಳಿದ್ದಳು. ಕೂಸು ಮಲಗುವ ಮನೆಗೆ ನನ್ನ ಬ್ಯಾಗು ಒಯ್ಯುವುದು ಹೇಗೆ? ಫೋನ್ ಮಾಡಿ, ಹೀಗೀಗೆ ಆಗಿದೆ, ಈ ಸಲ ಬರುವುದಿಲ್ಲ ಎಂದೆ. ಅವ್ವ ಒಂದು ಕ್ಷಣವೂ ತಡೆಯಲಿಲ್ಲ: "ತಗಣಿಗೆ ಹೆದರಿ ಹಬ್ಬಾ ಬಿಡ್ತಾರೇನು? ಬಾ. ಚೀಲ ಅಂಗಳದಾಗ ಇಡು, ಅರಬಿ ಎಲ್ಲಾ ಕುದಿಯೋ ನೀರಿಗೆ ಹಾಕೂಣಂತ."

ಆ ಮಾತಿನಲ್ಲಿ ಎಲ್ಲವೂ ಇತ್ತು. ತಿಗಣೆಯನ್ನು ಅವಳು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಚೀಲ ಒಳಗೆ ಬರುವಂತಿಲ್ಲ, ಬಟ್ಟೆ ಕುದಿಯಬೇಕು. ಆದರೆ ಮಗ ಒಳಗೆ ಬರಬೇಕು. ಹುಳವನ್ನೂ ಮನುಷ್ಯನನ್ನೂ ಬೇರೆ ಬೇರೆ ಮಾಡಿ ನೋಡುವುದು ಅಷ್ಟು ಸುಲಭವಾಗಿ ಆಗಬಹುದು ಎಂದು ನನಗೆ ಗೊತ್ತಿರಲಿಲ್ಲ. ಹೇಳಲು ಧೈರ್ಯ ಬೇಕು ಎನ್ನುತ್ತೇವೆ. ಅವ್ವನಂಥವರು ಕೇಳುವಲ್ಲಿ ಧೈರ್ಯವೇ ಬೇಕಾಗುವುದಿಲ್ಲ.

ಎಲ್ಲ ಕಿವಿಗಳೂ ಅವ್ವನವಲ್ಲ, ಆದ್ದರಿಂದ ಕೆಲವೆಡೆ ಕಾನೂನು ಈ ಕೆಲಸ ಮಾಡುತ್ತದೆ. ನ್ಯೂಯಾರ್ಕ್ ನಗರದಲ್ಲಿ 2010ರಿಂದ ಹೊಸ ಬಾಡಿಗೆದಾರರಿಗೆ, ಆ ಮನೆಯಲ್ಲಿ ಮತ್ತು ಕಟ್ಟಡದಲ್ಲಿ ಹಿಂದಿನ ಒಂದು ವರ್ಷದಲ್ಲಿ ತಿಗಣೆ ಇತ್ತೇ ಎಂದು ಮನೆಯ ಮಾಲೀಕರು ಬರೆದು ಕೊಡಬೇಕು. ಹೇಳುವುದು ಎಲ್ಲರಿಗೂ ಕಡ್ಡಾಯವಾದರೆ ಹೇಳಿದವರೊಬ್ಬರೇ ಕೆಟ್ಟವರಾಗುವುದಿಲ್ಲ. ನಮ್ಮ ಹನ್ನೊಂದು ತಿಂಗಳ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯುವ ಬಗ್ಗೆ ಷರತ್ತಿದೆ, ಇದರ ಬಗ್ಗೆ ಒಂದು ಸಾಲೂ ಇಲ್ಲ. ಸಾಲು ಬರುವ ತನಕ ಮನೆ ನೋಡಲು ಹೋದಾಗ ನಾವೇ ಸಂಕೋಚವಿಲ್ಲದೆ ಕೇಳಬಹುದು. ಬಿಟ್ಟುಹೋಗುವಾಗ ಮುಂದೆ ಬರುವವರಿಗೆ ನಾವೇ ಹೇಳಬಹುದು.

ಕುಂದಾಪುರದವನು ಈಗಲೂ ತನ್ನ ವಾದವನ್ನು ಪೂರ್ತಿ ಬಿಟ್ಟಿಲ್ಲ. ಮೇಲಿನ ಮನೆಯ ಕಡೆ ತೋರಿಸಿ, ನೋಡು, ಹೇಳಿದ್ದಕ್ಕೆ ಏನಾಯಿತು ಎನ್ನುತ್ತಾನೆ. ಅವನು ಹೇಳುವುದರಲ್ಲಿ ಅರ್ಧ ನಿಜವಿದೆ. ಹೇಳಿದವರಿಗೆ ಮನೆ ಹೋಗುವ, ಕೆಲಸ ಹೋಗುವ ಕಡೆ ಕೂತುಕೊಂಡು, 'ಜನ ಯಾಕೆ ಮುಚ್ಚಿಡುತ್ತಾರೋ' ಎಂದು ಆಶ್ಚರ್ಯಪಡುವ ಹಕ್ಕು ಯಾರಿಗೂ ಇಲ್ಲ. ಇನ್ನೊಬ್ಬರಿಂದ ಪ್ರಾಮಾಣಿಕತೆ ಕೇಳುವ ಮೊದಲು, ಅವರು ಪ್ರಾಮಾಣಿಕರಾದರೆ ನಾವು ಅವರನ್ನು ಏನು ಮಾಡುತ್ತೇವೆ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು. ರೂಮ್‌ಮೇಟ್ ಆಗಲಿ, ಪಕ್ಕದ ಮನೆಯವರಾಗಲಿ, ಪಾತ್ರೆ ತೊಳೆಯುವ ಅಕ್ಕನಾಗಲಿ, ದನಿ ತಗ್ಗಿಸಿ 'ನಮ್ಮಲ್ಲಿ ತಿಗಣೆ ಆಗಿದೆ' ಎಂದರೆ ಕೊಡಬಹುದಾದ ಉತ್ತರ ಬಹಳ ಚಿಕ್ಕದು: 'ಹೇಳಿದ್ದು ಒಳ್ಳೇದಾಯ್ತು, ನಮ್ಮಲ್ಲೂ ನೋಡ್ತೀನಿ.' ಕುರ್ಚಿ ಇದ್ದಲ್ಲೇ ಇರಲಿ.